16 ಮೀಟರ್ ಕಾರಿಡಾರ್‌ನಲ್ಲಿ ಮಿಕ್ಕಿ ಥಾಂಪ್ಸನ್

ನಮ್ಮ ಹಾಸ್ಟೆಲ್‌ನ ಮೊದಲ ಮಹಡಿಯ ಕಾರಿಡಾರನ್ನು ಟೇಪ್ ಹಿಡಿದು ಅಳೆದ್ರೆ 16 ಮೀಟರ್‌ಗಿಂತ ಒಂಚೂರು ಜಾಸ್ತಿ ಬರುತ್ತೆ. ಇದನ್ನ ಯಾಕೆ ಅಳೆದ್ವಿ ಅಂತ ವಾರ್ಡನ್ ಸರ್ ಕೂಡ ಕೇಳಿದ್ರು. ಡ್ರ್ಯಾಗ್ ರೇಸ್ ಅನ್ನೋದು ಕಾಲು ಮೈಲಿಯ ಓಟ, ಅಂದ್ರೆ 402 ಮೀಟರ್. ತಿರುವಿಲ್ಲ, ಲ್ಯಾಪ್ ಇಲ್ಲ, ನಿಂತ ಜಾಗದಿಂದ ನೇರ ಹೊಡೆಯೋದು ಅಷ್ಟೇ. ಅದನ್ನ 25ರಿಂದ ಭಾಗಿಸಿದ್ರೆ 16.09. ನಾವು ಕಟ್ಟುತ್ತಿದ್ದ ಮಾದರಿ ಕಾರಿನ ಅಳತೆಯೂ 25ಕ್ಕೆ 1. ಹಾಗಾಗಿ ನಮ್ಮ ಕಾರಿಗೆ ಪೂರ್ತಿ ಒಂದು ರೇಸ್ ಟ್ರ್ಯಾಕ್ ರೂಮಿನ ಬಾಗಿಲಲ್ಲೇ ಸಿಕ್ಕಿತ್ತು.

ನಾವು ಅಂದ್ರೆ ಮೂವರು. ಒಬ್ಬ ಕೊಳ್ಳೇಗಾಲದವನು, ಒಬ್ಬ ಹನೂರಿನವನು, ಒಬ್ಬಳು ಯಳಂದೂರಿನವಳು. ಊರಿಗೆ ಹೋಗೋವಾಗ ಒಂದೇ ಬಸ್ಸು, ಬರೋವಾಗ ಒಂದೇ ಬಸ್ಸು, ಸ್ನೇಹ ಆಗಿದ್ದು ಹಾಗೆ. ಕನ್ನಡ ಸಂಘದ ರಾಜ್ಯೋತ್ಸವ ಪ್ರದರ್ಶನಕ್ಕೆ ಪ್ರತಿ ತಂಡವೂ ಒಂದು ಯಂತ್ರದ ಮಾದರಿ ಮಾಡಿ ಅದರ ಕಥೆಯನ್ನ ಕನ್ನಡದಲ್ಲಿ ಹೇಳಬೇಕಿತ್ತು. ಎಲ್ಲರೂ ಶಿವನಸಮುದ್ರದ ಟರ್ಬೈನು, ಕನ್ನಂಬಾಡಿ ಗೇಟು ಅಂತ ಹೊರಟಾಗ ನಾವು 1955ರ ಡ್ರ್ಯಾಗ್ ಕಾರು ಅಂದುಬಿಟ್ವಿ. ಅಂದಿದ್ದು ಸುಲಭ.

ಮೊದಲ ಮಾದರಿಯನ್ನ ಹದಿನೈದು ದಿನದಲ್ಲಿ ಮುಗಿಸಿದ್ವಿ. ಹಿಂದೆ ದಪ್ಪ ದಪ್ಪ ಟೈರು, ಮೇಲೆ ದೊಡ್ಡ ರೆಕ್ಕೆ, ಬಾಲಕ್ಕೆ ಪ್ಯಾರಾಚೂಟ್ ಚೀಲ, ಆರಂಭದ ಗೆರೆ ಹತ್ತಿರ ದೀಪದ ಕಂಬ. ನೋಡೋಕೆ ಭರ್ಜರಿ. ಫೈನಲ್ ಇಯರ್ ಸೀನಿಯರ್ ಒಬ್ಬರು ಬಂದು ಎರಡು ನಿಮಿಷ ನೋಡಿ, ಇದರಲ್ಲಿ 1955 ಎಲ್ಲಿದೆ ಅಂತ ಕೇಳಿದ್ರು. ದೀಪದ ಕಂಬ ಬಂದಿದ್ದು 1963ರಲ್ಲಿ, ಅದಕ್ಕೆ ಮೊದಲು ಒಬ್ಬ ಮನುಷ್ಯ ಬಾವುಟ ಹಿಡಿದು ರೇಸ್ ಬಿಡುತ್ತಿದ್ದ. ಪ್ಯಾರಾಚೂಟ್ ಬಳಕೆಗೆ ಬಂದಿದ್ದು ಐವತ್ತರ ದಶಕದ ಕೊನೆಗೆ. ರೆಕ್ಕೆ ಅದಕ್ಕೂ ಆಮೇಲೆ. ಟಿಪ್ಪು ಕಾಲದ ನಾಟಕದಲ್ಲಿ ಸಿಪಾಯಿ ಕೈಗೆ ವಾಚು ಕಟ್ಟಿದ ಹಾಗೆ ಆಗಿತ್ತು ನಮ್ಮ ಕೆಲಸ. ಎಲ್ಲಾ ಕಿತ್ತು ಹಾಕಿದ್ವಿ. ಕಾರಿನ ಬಗ್ಗೆ ಓದೋಕೆ ಕೂತಿದ್ದು ಆಗ. ಓದುತ್ತಾ ಓದುತ್ತಾ ಕಾರಿಗಿಂತ ಅದನ್ನ ಕಟ್ಟಿದ ಮನುಷ್ಯನೇ ತಲೆಯಲ್ಲಿ ಕೂತ.

ಮೇರಿಯನ್ ಲೀ ಥಾಂಪ್ಸನ್, ಜಗತ್ತಿಗೆಲ್ಲ ಮಿಕ್ಕಿ ಥಾಂಪ್ಸನ್. ಹುಟ್ಟಿದ್ದು 1928ರ ಡಿಸೆಂಬರ್ 7, ಅಮೆರಿಕದ ಕ್ಯಾಲಿಫೋರ್ನಿಯಾದ ಅಲ್‌ಹ್ಯಾಂಬ್ರಾದಲ್ಲಿ. ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಮುದ್ರಣ ವಿಭಾಗದಲ್ಲಿ ಕೆಲಸ, ಅದೂ ರಾತ್ರಿ ಪಾಳಿ. ಹಗಲು ಹೊತ್ತು ಕಾರು ಬಿಚ್ಚೋದು, ಕಟ್ಟೋದು. ನಿದ್ದೆ ಯಾವಾಗ ಮಾಡ್ತಿದ್ದನೋ! ನಾವು ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದು ದಿನ ಎದ್ದಿದ್ರೇ ಮೂರು ದಿನ ಹೇಳಿಕೊಂಡು ತಿರುಗುತ್ತೀವಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರಿಗೆ ಹಳೇ ಫೋರ್ಡ್ ಕಾರುಗಳು ಅಗ್ಗಕ್ಕೆ ಸಿಗುತ್ತಿದ್ದವು. ಬೇಡದ ತಗಡೆಲ್ಲ ಕಿತ್ತೆಸೆದು, ಎಂಜಿನ್‌ಗೆ ಕೈ ಹಾಕಿ, ಬಳಸದೆ ಬಿಟ್ಟ ವಿಮಾನದ ರನ್‌ವೇಗಳಲ್ಲಿ, ಅದೂ ಇಲ್ಲದಿದ್ರೆ ಊರಿನ ರಸ್ತೆಗಳಲ್ಲೇ ಓಡಿಸುತ್ತಿದ್ದರು. ಎಲ್ಲರಿಗೂ ಒಂದೇ ತೊಂದರೆ. ಎಂಜಿನ್‌ನಲ್ಲಿ ಶಕ್ತಿ ಇದೆ, ಆದರೆ ಆಕ್ಸಿಲರೇಟರ್ ತುಳಿದ ಕೂಡಲೇ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸುತ್ತೆ, ಕಾರು ಮುಂದಕ್ಕೆ ಹೋಗಲ್ಲ. ಮೊದಲ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ನೆನಪಿದ್ರೆ ಉತ್ತರ ಅಲ್ಲೇ ಇದೆ. ಘರ್ಷಣೆಯ ಬಲ ಅಂದ್ರೆ ಘರ್ಷಣಾಂಕ ಇಂಟು ಚಕ್ರದ ಮೇಲೆ ಬೀಳುವ ಭಾರ. ರಬ್ಬರಿನ ಘರ್ಷಣಾಂಕ ಒಂದು ಮಿತಿಗೆ ನಿಲ್ಲುತ್ತೆ. ಉಳಿದಿದ್ದು ಭಾರ.

1954ರಲ್ಲಿ ಥಾಂಪ್ಸನ್ ಮಾಡಿದ್ದು ಇಷ್ಟೇ: ಓಡಿಸುವವನನ್ನೇ ಹಿಂದಿನ ಆಕ್ಸೆಲ್‌ನ ಹಿಂದಕ್ಕೆ ತಳ್ಳಿದ. ಮುಂದೆ ಎಂಜಿನು, ಅದರ ಹಿಂದೆ ಆಕ್ಸೆಲ್, ಅದಕ್ಕೂ ಹಿಂದೆ ಸೀಟು. ಕೂತವನ ಎರಡು ಕಾಲು ಆಕ್ಸೆಲ್‌ನ ಮೇಲಿಂದ ಮುಂದಕ್ಕೆ ಚಾಚಿರುತ್ತೆ, ಹಿಂದಿನ ಚಕ್ರಗಳು ಅವನ ಅಕ್ಕಪಕ್ಕದಲ್ಲೇ ತಿರುಗುತ್ತಿರುತ್ತವೆ. ಈಗ ಆ ಭಾರ ಪೂರ್ತಿ ಹಿಂದಿನ ಚಕ್ರದ ಮೇಲೆ ಬಿತ್ತು. ದೂರದಿಂದ ನೋಡಿದ್ರೆ ಕ್ಯಾಟರ್‌ಬಿಲ್ಲಿನ ರಬ್ಬರಿನಲ್ಲಿ ಕಲ್ಲು ಇಟ್ಟು ಎಳೆದ ಹಾಗೆ ಕಾಣುತ್ತೆ. ಅದಕ್ಕೇ ಸ್ಲಿಂಗ್‌ಶಾಟ್ ಅನ್ನೋ ಹೆಸರು ಬಂತು. ಮೊದಲ ಸ್ಲಿಂಗ್‌ಶಾಟ್ ಕಟ್ಟಿದ ಹೆಗ್ಗಳಿಕೆ ಸಾಮಾನ್ಯವಾಗಿ ಥಾಂಪ್ಸನ್‌ಗೇ ಸಲ್ಲುತ್ತೆ. ಮುಂದಿನ ಹದಿನೈದು ವರ್ಷ ಡ್ರ್ಯಾಗ್ ಕಾರು ಅಂದ್ರೆ ಹೆಚ್ಚುಕಮ್ಮಿ ಇದೇ ಆಕಾರ ಆಗಿಹೋಯ್ತು.

ಇಲ್ಲೊಂದು ಲೆಕ್ಕ ಮಾಡಿ ನೋಡಿ, ಚೆನ್ನಾಗಿದೆ. ಘರ್ಷಣಾಂಕ 1 ದಾಟಲ್ಲ ಅಂದುಕೊಂಡು, ಕಾರಿನ ಪೂರ್ತಿ ಭಾರ ಹಿಂದಿನ ಚಕ್ರದ ಮೇಲೇ ಇದೆ ಅಂತ ಇಟ್ಟುಕೊಂಡ್ರೆ ಗರಿಷ್ಠ ವೇಗೋತ್ಕರ್ಷ ಒಂದು ಜಿ. ಆಗ 402 ಮೀಟರ್‌ಗೆ ಬೇಕಾದ ಸಮಯ 9 ಸೆಕೆಂಡ್ ಚಿಲ್ಲರೆ, ಕೊನೆಗೆ ಸಿಗುವ ವೇಗ ಗಂಟೆಗೆ ಸುಮಾರು 320 ಕಿಲೋಮೀಟರ್. ಇದಕ್ಕಿಂತ ಮುಂದೆ ಹೋಗೋಕೆ ಆಗಲ್ಲ ಅಂತ ಆ ಕಾಲದಲ್ಲಿ ತಿಳಿದವರೇ ಲೆಕ್ಕ ಹಾಕಿ ಕೂತಿದ್ದರು. ಅಂಟು ಜಾಸ್ತಿ ಇರುವ ರಬ್ಬರು ಬಂದ ಮೇಲೆ ಆ ಲೆಕ್ಕವೆಲ್ಲ ಧೂಳಿಗೆ ಹೋಯ್ತು.

ಈಗ ನಮ್ಮ ಮಾದರಿಗೆ ಬರೋಣ. ಚಾಸಿಗೆ ಸೈಕಲ್ ಸ್ಪೋಕ್. 2 ಮಿಲಿಮೀಟರ್ ದಪ್ಪ ಇಂಟು 25 ಅಂದ್ರೆ 50 ಮಿಲಿಮೀಟರ್, ಎರಡು ಇಂಚಿನ ಪೈಪಿಗೆ ಸರಿಹೋಯ್ತು. ಚಕ್ರದಿಂದ ಚಕ್ರಕ್ಕೆ 100 ಇಂಚು ಅಂತ ಹಿಡಿದು 4 ಇಂಚಿಗೆ ಕತ್ತರಿಸಿದ್ವಿ. ಎಂಜಿನ್ ಎಂ-ಸೀಲ್‌ದು. ಅದರಲ್ಲೂ ಒಮ್ಮೆ ಎಡವಿದ್ವಿ. ಈಗಿನ ಎಂಜಿನ್ ನೋಡಿ ಮೇಲೆ ವಾಲ್ವ್ ಕವರ್ ಕೂರಿಸಿದ್ವಿ. ಆದರೆ ನಾವು ಆರಿಸಿಕೊಂಡಿದ್ದು ಫೋರ್ಡ್‌ನ ಫ್ಲಾಟ್‌ಹೆಡ್ ವಿ-8, 1932ರಲ್ಲಿ ಬಂದದ್ದು. ಅದರ ವಾಲ್ವ್‌ಗಳು ಬ್ಲಾಕಿನ ಒಳಗೇ ಇರುತ್ತವೆ, ಹೆಡ್ ಅನ್ನೋದು ಚಪ್ಪಟೆ ಮುಚ್ಚಳ, ಹೊಗೆ ಕೊಳವೆ ಬ್ಲಾಕಿನ ಪಕ್ಕದಿಂದ ಬರುತ್ತೆ. ಕವರ್ ಕಿತ್ತು ತಗಡಿನ ಎರಡು ಚಪ್ಪಟೆ ಹೆಡ್ ಇಟ್ಟು, ಒಂದೊಂದಕ್ಕೆ 24ರಂತೆ ಗುಂಡುಪಿನ್ನಿನ ತಲೆ ಕತ್ತರಿಸಿ ಬೋಲ್ಟ್ ಮಾಡಿದ್ದು ಯಳಂದೂರಿನವಳು. ನಲವತ್ತೆಂಟು ಪಿನ್ನು, ಮೂರು ಸಂಜೆ. ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಬಳೆ ಕೆತ್ತಿರೋ ಊರಿನವಳು, ಅವಳಿಗೆ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಹೊಗೆ ಕೊಳವೆಗೆ ಖಾಲಿ ರೀಫಿಲ್ಲು.

ಟೈರು ಮಾತ್ರ ಯಾರ ಕೈಗೂ ಬಗ್ಗಲಿಲ್ಲ. ಕೊನೆಗೆ ಅದನ್ನ ಮಾಡಿಕೊಟ್ಟಿದ್ದು ಹನೂರಿನವನ ಅಣ್ಣ.

ಅಣ್ಣನ ವಿಷಯ ಹೇಳಲೇಬೇಕು. ಬೈಕ್ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ರಾತ್ರಿ ಹನ್ನೊಂದಕ್ಕೆ ಕೊಳ್ಳೇಗಾಲ-ಹನೂರು ರಸ್ತೆಯಲ್ಲಿ ಗೆಳೆಯರ ಜೊತೆ ಬಾಜಿ ಕಟ್ಟಿ ಬೈಕ್ ಬಿಟ್ಟ. ಎದುರಿಗೆ ದೀಪ ಇಲ್ಲದ ಟ್ರ್ಯಾಕ್ಟರ್. ತೊಡೆಯಲ್ಲಿ ಈಗಲೂ ರಾಡ್ ಇದೆ, ನಡೆಯೋವಾಗ ಒಂದು ಕಾಲು ಸ್ವಲ್ಪ ಎಳೆಯುತ್ತೆ. ನಾವು ರೇಸ್ ಕಾರಿನ ಮಾದರಿ ಹಿಡಿದು ಅವರ ಮನೆಗೆ ಹೋದಾಗ ಅವರಮ್ಮ ಅದನ್ನ ಒಳಗೆ ತರಬೇಡಿ ಅಂದ್ರು, ಬೈಯ್ಯಲಿಲ್ಲ, ಅಷ್ಟೇ ಹೇಳಿ ಒಳಗೆ ಹೋದ್ರು. ಜಗಲಿ ಮೇಲೇ ಕೂತ್ವಿ. ಆ ಕಾಲದ ಡ್ರ್ಯಾಗ್ ಟೈರ್‌ಗಳು ಹೊಸದಾಗಿ ತಯಾರಾದವಲ್ಲ, ಹಳೇ ಟೈರಿನ ಮೇಲೆ ನುಣ್ಣಗೆ ಹೊಸ ರಬ್ಬರ್ ಹಾಕಿಸಿದವು ಅಂತ ಹೇಳಿದ್ವಿ. ಅಣ್ಣ ನಕ್ಕುಬಿಟ್ಟ. ನಮ್ಮ ಲಾರಿಯವರು ಮಾಡಿಸೋ ರೀಸೋಲ್ ತಾನೇ ಇದು ಅಂದ. ಹಳೇ ಹವಾಯಿ ಚಪ್ಪಲಿಯಿಂದ ನಾಲ್ಕು ಬಿಲ್ಲೆ ಕತ್ತರಿಸಿ, ಡ್ರಿಲ್ಲಿಂಗ್ ಮೆಷಿನ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಉಪ್ಪುಕಾಗದದಲ್ಲಿ ಉಜ್ಜಿದ. ಹಿಂದಿನದು 30 ಮಿಲಿಮೀಟರ್, ಮುಂದಿನದು ತೆಳ್ಳಗೆ. ಕೆಲಸ ಮಾಡುತ್ತಾ ಈ ಥಾಂಪ್ಸನ್ ರಸ್ತೆಯಲ್ಲಿ ರೇಸ್ ಬಿಡ್ತಿದ್ನಾ ಅಂತ ಕೇಳಿದ.

ಅದಕ್ಕೆ ಉತ್ತರ ಹುಡುಕೋವಾಗಲೇ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಸಿಕ್ಕಿದ್ದು. ಲಯನ್ಸ್ ಕ್ಲಬ್ ಅಂದ್ರೆ ನಮಗೆ ಗೊತ್ತಿದ್ದಿದ್ದು ಕಣ್ಣಿನ ತಪಾಸಣಾ ಶಿಬಿರ ಒಂದೇ. ಆದರೆ ಲಾಸ್ ಏಂಜಲೀಸ್ ಬಂದರಿನ ಹತ್ತಿರದ ವಿಲ್ಮಿಂಗ್ಟನ್‌ನಲ್ಲಿ ರಸ್ತೆ ರೇಸ್‌ಗೆ ಹುಡುಗರು ಬಲಿಯಾಗೋದನ್ನ ತಡೆಯೋಕೆ ಅಲ್ಲಿಯ ಲಯನ್ಸ್ ಕ್ಲಬ್‌ಗಳು ಸೇರಿ 1955ರಲ್ಲಿ ಒಂದು ಕಾಲು ಮೈಲಿ ಟ್ರ್ಯಾಕ್ ತೆರೆದವು. ಅದರ ಮೊದಲ ಮ್ಯಾನೇಜರ್ ಮಿಕ್ಕಿ ಥಾಂಪ್ಸನ್. ಸ್ಪರ್ಧಿಸುವವನೂ ಅವನೇ, ಗೇಟಿನಲ್ಲಿ ನಿಂತು ಕಾರುಗಳನ್ನ ಒಳಗೆ ಬಿಡುವ ಜವಾಬ್ದಾರಿಯೂ ಅವನದೇ. ಆ ಟ್ರ್ಯಾಕ್ 1972ರ ಡಿಸೆಂಬರ್‌ವರೆಗೂ ನಡೆಯಿತು. ಇದನ್ನ ಹೇಳಿದಾಗ ಅಣ್ಣ ಏನೂ ಮಾತಾಡಲಿಲ್ಲ. ಟೈರು ಉಜ್ಜೋದು ಮುಂದುವರಿಸಿದ.

ಥಾಂಪ್ಸನ್ ಕಾಲು ಮೈಲಿಗೆ ತೃಪ್ತಿಯಾಗೋ ಪೈಕಿ ಅಲ್ಲ. ನೆಲದ ಮೇಲಿನ ವೇಗದ ದಾಖಲೆ 1947ರಿಂದ ಇಂಗ್ಲೆಂಡಿನ ಜಾನ್ ಕಾಬ್ ಹೆಸರಿನಲ್ಲಿತ್ತು, ಗಂಟೆಗೆ 394.196 ಮೈಲಿ. ಅದನ್ನ ಮುರಿಯೋಕೆ ಚಾಲೆಂಜರ್-1 ಅನ್ನೋ ಕಾರು ಕಟ್ಟಿದ. ಒಂದಲ್ಲ, ನಾಲ್ಕು ಪಾಂಟಿಯಾಕ್ ವಿ-8 ಎಂಜಿನ್. ಎರಡು ಮುಂದಿನ ಚಕ್ರಕ್ಕೆ, ಎರಡು ಹಿಂದಿನ ಚಕ್ರಕ್ಕೆ. ನಾಲ್ಕು ಎಂಜಿನ್ ಒಟ್ಟಿಗೆ ಒಂದೇ ಲಯದಲ್ಲಿ ಓಡಬೇಕು ಅಂದ್ರೆ ಏನು ಅಂತ ನಮ್ಮ ಮೆಕ್ಯಾನಿಕಲ್‌ನವರಿಗೆ ವಿವರಿಸಬೇಕಾಗಿಲ್ಲ. 1960ರ ಸೆಪ್ಟೆಂಬರ್ 9, ಯೂಟಾದ ಬಾನ್‌ವಿಲ್ ಉಪ್ಪಿನ ಬಯಲು. ಹೋಗುವ ಓಟದಲ್ಲಿ 406.60 ಮೈಲಿ, ಅಂದ್ರೆ ಗಂಟೆಗೆ 654 ಕಿಲೋಮೀಟರ್. 400 ಮೈಲಿ ದಾಟಿದ ಮೊದಲ ಅಮೆರಿಕನ್. ಆದರೆ ನಿಯಮದ ಪ್ರಕಾರ ಒಂದು ಗಂಟೆಯೊಳಗೆ ಎದುರು ದಿಕ್ಕಿನಲ್ಲೂ ಓಡಿ, ಎರಡರ ಸರಾಸರಿ ತೆಗೆಯಬೇಕು. ವಾಪಸ್ ಓಟದಲ್ಲಿ ಡ್ರೈವ್‌ಶಾಫ್ಟ್ ಮುರಿಯಿತು. ದಾಖಲೆ ಪುಸ್ತಕಕ್ಕೆ ಹೆಸರು ಏರಲಿಲ್ಲ. ಲ್ಯಾಬಿನಲ್ಲಿ ರೀಡಿಂಗ್ ಎಲ್ಲ ಬಂದು ಕೊನೇ ಒಂದಕ್ಕೆ ಕರೆಂಟ್ ಹೋದಾಗಿನ ಸಂಕಟ ಇದೆಯಲ್ಲ, ಅದನ್ನ ಸಾವಿರ ಪಾಲು ಮಾಡಿಕೊಳ್ಳಿ.

ನಮ್ಮೊಳಗೆ ಜಗಳ ಆಗಿದ್ದು 1964ರ ಬಗ್ಗೆ. ಇಂಡಿಯಾನಾಪೊಲಿಸ್ 500 ರೇಸ್‌ಗೂ ಥಾಂಪ್ಸನ್ ಕಾರು ಕಟ್ಟುತ್ತಿದ್ದ. 1962ರಲ್ಲಿ ಎಂಜಿನ್ ಹಿಂದೆ ಇಟ್ಟ ಹಗುರ ಕಾರು ತಂದ, ಮರುವರ್ಷ 12 ಇಂಚಿನ ಪುಟ್ಟ ಚಕ್ರ ಹಾಕಿಸಿ ಎಲ್ಲರನ್ನೂ ಹುಬ್ಬೇರಿಸಿದ. 1964ರ ಮೇ 30ರಂದು ಅವನ ತಂಡದ ಕಾರನ್ನ ಓಡಿಸುತ್ತಿದ್ದ ಡೇವ್ ಮ್ಯಾಕ್‌ಡೊನಾಲ್ಡ್ ಎರಡನೇ ಸುತ್ತಿನಲ್ಲೇ ಹಿಡಿತ ತಪ್ಪಿ ಒಳಗೋಡೆಗೆ ಬಡಿದ. ಪೆಟ್ರೋಲ್ ತುಂಬಿದ್ದ ಕಾರು ಬೆಂಕಿಯ ಉಂಡೆಯಾಗಿ ಟ್ರ್ಯಾಕಿಗೆ ಅಡ್ಡ ಬಂತು. ಹಿಂದೆ ಬರುತ್ತಿದ್ದ ಎಡ್ಡಿ ಸ್ಯಾಕ್ಸ್ ಅದಕ್ಕೆ ಗುದ್ದಿದ. ಇಬ್ಬರೂ ಸತ್ತರು. ಆ ಕಾರನ್ನ ನಿಭಾಯಿಸೋದು ಕಷ್ಟ ಅನ್ನೋ ಮಾತು ರೇಸ್‌ಗೆ ಮೊದಲೇ ಇತ್ತು.

ಪ್ರದರ್ಶನದ ಬೋರ್ಡಿನಲ್ಲಿ ಇದನ್ನ ಬಿಟ್ಟುಬಿಡೋಣ, ಸಂಭ್ರಮದ ದಿನ ಯಾಕೆ ಅಂತ ಕೊಳ್ಳೇಗಾಲದವನ ವಾದ. ಯಳಂದೂರಿನವಳು ಒಪ್ಪಲಿಲ್ಲ. ಗುಂಡುಪಿನ್ ನಲವತ್ತೆಂಟೇ ಇರಬೇಕು ಅಂತ ಲೆಕ್ಕ ಹಿಡಿಯೋರು ಮನುಷ್ಯರ ಲೆಕ್ಕ ಬಿಟ್ರೆ ಅದು ಯಾವ ಸೀಮೆ ನಿಖರತೆ ಅಂತ ಅವಳ ಪ್ರಶ್ನೆ. ಹನೂರಿನವನು ಅವಳ ಕಡೆ ಸೇರಿಕೊಂಡ. ಬೋರ್ಡಿನಲ್ಲಿ ಇಬ್ಬರ ಹೆಸರನ್ನೂ, ತಾರೀಕನ್ನೂ ಥಾಂಪ್ಸನ್ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಬರೆದ್ವಿ.

ಆಮೇಲಿನ ಕಥೆ ಬೇಗ ಹೇಳಿ ಮುಗಿಸಬಹುದು. 1968ರಲ್ಲಿ ಎರಡು ಫೋರ್ಡ್ ಎಂಜಿನ್‌ನ ಚಾಲೆಂಜರ್-2 ತಯಾರಾಯ್ತು, ಮಳೆ ಬಂದು ಉಪ್ಪಿನ ಬಯಲು ಕೆಟ್ಟಿತು, ಮರುವರ್ಷ ಫೋರ್ಡ್ ಕಂಪನಿ ಕೈಬಿಟ್ಟಿತು, ಕಾರು ಮೂಲೆ ಸೇರಿತು. ಥಾಂಪ್ಸನ್ ಮರುಭೂಮಿ ರೇಸ್‌ಗಳ ಕಡೆ, ಕ್ರೀಡಾಂಗಣದೊಳಗೆ ಮಣ್ಣು ಸುರಿದು ನಡೆಸುವ ರೇಸ್‌ಗಳ ಕಡೆ ಹೊರಳಿದ. 1988ರ ಮಾರ್ಚ್ 16ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಬ್ರ್ಯಾಡ್‌ಬರಿಯಲ್ಲಿ ತನ್ನ ಮನೆಯ ಮುಂದೆಯೇ ಆತನನ್ನೂ ಹೆಂಡತಿ ಟ್ರೂಡಿಯನ್ನೂ ಗುಂಡಿಕ್ಕಿ ಕೊಂದರು. ಹಿಂದೆ ವ್ಯವಹಾರದಲ್ಲಿ ಜೊತೆಗಿದ್ದವನೇ ಕೊಲ್ಲಿಸಿದ್ದು ಅಂತ ಕೋರ್ಟ್ ತೀರ್ಮಾನಿಸಿದ್ದು 2007ರಲ್ಲಿ, ಹತ್ತೊಂಬತ್ತು ವರ್ಷ ಆದ ಮೇಲೆ. ಮೂಲೆ ಸೇರಿದ್ದ ಚಾಲೆಂಜರ್-2 ಕಾರನ್ನ ಮಗ ಡ್ಯಾನಿ ಮತ್ತೆ ಹೊರಗೆ ತೆಗೆದ. 2018ರ ಆಗಸ್ಟ್‌ನಲ್ಲಿ ಅದೇ ಬಾನ್‌ವಿಲ್‌ನಲ್ಲಿ ಹೋಗಿ, ಬಂದು, ಸರಾಸರಿ 448.757 ಮೈಲಿ. ಈ ಸಲ ಎರಡು ಓಟವೂ ಪೂರ್ತಿಯಾಯ್ತು.

ಪ್ರದರ್ಶನದ ದಿನ ಅಣ್ಣ ಬಸ್ ಹತ್ತಿ ಬಂದಿದ್ದ. ಸಂಜೆ ಜನ ಕರಗಿದ ಮೇಲೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ಕಾರು ಬಿಟ್ವಿ. ಎಂಜಿನ್ ಎಂ-ಸೀಲ್‌ದು ಆದ್ದರಿಂದ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿ ಎಳೆದು ಬಿಡೋದು, ಹೆಸರಿಗೆ ತಕ್ಕ ಹಾಗೆ. ಬಾವುಟ ಹಿಡಿದವಳು ಯಳಂದೂರಿನವಳು. ಮೊದಲ ಸಲ ಗೋಡೆಗೆ ಬಡಿಯಿತು, ಎರಡನೇ ಸಲ ಒಂಬತ್ತು ಮೀಟರ್‌ಗೆ ನಿಂತಿತು, ಐದನೇ ಸಲ ಆ ತುದಿಯ ಬಕೆಟ್‌ವರೆಗೂ ಹೋಯ್ತು. ಅಣ್ಣ ಕಾಲೆಳೆಯುತ್ತಾ ಅದರ ಹಿಂದೆ ನಡೆದು ಹೋಗಿ, ಕಾರು ಎತ್ತಿ, ತಿರುಗಿಸಿ ನೋಡಿದ. ಹಿಂದಿನ ಬಲಗಡೆ ಟೈರು ಒಂಚೂರು ಓರೆ ಇದೆ ಅಂದ. ಅದನ್ನ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಹೊರಟ. ಈಗ ಕಾರು ನಮ್ಮ ರೂಮಿನಲ್ಲಿ ಮೂರು ಚಕ್ರದ ಮೇಲೆ ನಿಂತಿದೆ.