ಒಬ್ಬರೇ ಬರೆದ ಭಿನ್ನಮತ

ಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಪಂಚವಾರ್ಷಿಕ ಯೋಜನೆಗಳನ್ನು ಬಾಯಿಪಾಠ ಮಾಡಿದ್ದೆ. ಎರಡನೇ ಯೋಜನೆ ಎಂದರೆ 1956ರಿಂದ 1961, ಮಹಲನೋಬಿಸ್, ಭಾರಿ ಕೈಗಾರಿಕೆ. ಅಷ್ಟು ಬರೆದರೆ ಅಂಕ ಗ್ಯಾರಂಟಿ. ಆ ಯೋಜನೆಯ ಲೆಕ್ಕವೇ ತಪ್ಪು ಎಂದವರೊಬ್ಬರು ಇದ್ದರು, ಅವರು ನಮ್ಮ ಕರಾವಳಿಯವರು ಎಂದು ತಿಳಿದದ್ದು ಈಚೆಗೆ.

ಬೆಳ್ಳಿಕೋತ್ ರಘುನಾಥ ಶೆಣೈ ಹುಟ್ಟಿದ್ದು 1905ರಲ್ಲಿ. ಬೆಳ್ಳಿಕೋತ್ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಈಗ ಕಾಸರಗೋಡಿಗೆ ಸೇರಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದರು. ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿ, ಮುಂದೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1955ರಲ್ಲಿ ಎರಡನೇ ಯೋಜನೆಗೆ ಸಲಹೆ ಕೊಡಲು ಕೇಂದ್ರ ಸರ್ಕಾರ ಅರ್ಥಶಾಸ್ತ್ರಜ್ಞರ ಮಂಡಳಿ ಮಾಡಿತು. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರಂಥ ಘಟಾನುಘಟಿಗಳು ಅದರಲ್ಲಿದ್ದರು. ಉಳಿದವರೆಲ್ಲ ಒಪ್ಪಿದರು. ಶೆಣೈ ಮಾತ್ರ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟರು.

ಕೊನೆಗೆ ಒಪ್ಪಿಗೆ ಪಡೆದ ಯೋಜನೆಯಲ್ಲಿ ಸರ್ಕಾರದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು, ಅಂದರೆ ಬಹುಪಾಲು ಹೊಸದಾಗಿ ಅಚ್ಚಾಗುವ ನೋಟು. ದೇಶದ ಉಳಿತಾಯಕ್ಕೆ ಮೀರಿ ಖರ್ಚು ಮಾಡಿದರೆ ಬೆಲೆ ಏರುತ್ತದೆ, ಆ ಹೊರೆ ಬಡವನ ಮೇಲೇ ಬೀಳುತ್ತದೆ ಎಂಬುದು ಶೆಣೈ ವಾದ. ನನಗಿದು ಅರ್ಥವಾದದ್ದು ಅಮ್ಮನಿಂದ. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ ತಾನು ತೆರಿಗೆ ಕಟ್ಟುವವಳೇ ಅಲ್ಲ ಅಂದುಕೊಂಡಿದ್ದಾಳೆ. ಆದರೆ ಸೋಪಿನ ಮೇಲೆ ಜಿಎಸ್‌ಟಿ ಕಟ್ಟುತ್ತಾಳೆ. ಬೆಲೆ ಏರಿದಾಗ ಅವಳು ಕೂಡಿಟ್ಟ ದುಡ್ಡು ಡಬ್ಬಿಯಲ್ಲಿದ್ದಂತೆಯೇ ಸವೆಯುತ್ತದೆ. ಆ ತೆರಿಗೆಗೆ ರಸೀದಿಯೂ ಇಲ್ಲ.

ಲೈಸೆನ್ಸ್, ಪರ್ಮಿಟ್‌ಗಳನ್ನೂ ಅವರು ಬಿಡಲಿಲ್ಲ. ಆಮದು ಪರವಾನಗಿ ಸಿಕ್ಕವನಿಗೆ ದುಡಿಯದೆ ಲಾಭ, ಕೊಡುವ ಅಧಿಕಾರಿಗೆ ಲಂಚದ ಆಸೆ, ಖರ್ಚು ಮಾತ್ರ ಜನರದ್ದು ಎಂದು ವರ್ಷಗಟ್ಟಲೆ ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾಗಿ, 4.76 ರೂಪಾಯಿ ಇದ್ದ ಡಾಲರ್ 7.50 ಆಯಿತು. ಶೆಣೈ 1978ರಲ್ಲಿ ತೀರಿಕೊಂಡರು. ಲೈಸೆನ್ಸ್ ರಾಜ್ ಸಡಿಲವಾದದ್ದು 1991ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಅವರು ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ. ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳಿಂದ ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಪ್ರತಿ ಖರ್ಚಿಗೂ ದುಡ್ಡು ಯಾರದ್ದು ಎಂದು ಕೇಳಬೇಕೆಂಬುದನ್ನು ಅವರಿಂದ ಕಲಿತೆ. ಸುತ್ತ ಕೂತವರೆಲ್ಲ ತಲೆಯಾಡಿಸುವಾಗ ಬೈಯದೆ, ಕೂಗಾಡದೆ, ಲೆಕ್ಕ ಬರೆದು ಕೊಡಬಹುದು ಎಂಬುದನ್ನೂ.

ನಮ್ಮ ಬೀದಿಗೆ ಟಾರು ಹಾಕಿದ ಎರಡೇ ತಿಂಗಳಿಗೆ ಪೈಪಿಗೆಂದು ಅಗೆದರು. ಸರ್ಕಾರದ ದುಡ್ಡು ತಾನೇ ಎಂದು ಎಲ್ಲರೂ ಸುಮ್ಮನಾದರು. ಮೊದಲಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕಳೆದ ವಾರ ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ರಸ್ತೆಯ ಖರ್ಚಿನ ವಿವರ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಸಹಿ ನನ್ನದೊಂದೇ.