ಕುರ್ಚಿ ಹೋಯ್ತು, ಲ್ಯಾಬ್ ಉಳೀತು

ಸಿ.ವಿ. ರಾಮನ್ ಅಂದ್ರೆ ನಮಗೆಲ್ಲ ನೆನಪಾಗೋದು ಫೆಬ್ರವರಿ 28, ರಾಮನ್ ಪರಿಣಾಮ, 1930ರ ನೊಬೆಲ್. ಅಲ್ಲಿಗೆ ಪಾಠ ಮುಗೀತು. ಆದ್ರೆ ನೊಬೆಲ್ ಬಂದ ಮೇಲೆ ಅವರು ಇನ್ನೂ 40 ವರ್ಷ ಬದುಕಿದ್ದರು, ಅದರಲ್ಲಿ ಹೆಚ್ಚಿನ ಕಾಲ ನಮ್ಮ ಬೆಂಗಳೂರಿನಲ್ಲೇ.

ನವಲಗುಂದ, ಕುಂದಗೋಳ ಕಡೆ ಸರ್ಕಾರಿ ನೌಕರಿ ಸಿಕ್ಕವರು ಅದನ್ನ ಬಿಡೋ ಮಾತೇ ಆಡಲ್ಲ. ರಾಮನ್ ಬಿಟ್ಟರು. 1907ರಲ್ಲಿ, ಹೆಚ್ಚುಕಮ್ಮಿ ನಮ್ಮ ವಯಸ್ಸಿನಲ್ಲೇ, ಅವರು ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿ. ಹಗಲು ಆಫೀಸಿನ ಲೆಕ್ಕ, ಸಂಜೆ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಫಿಸಿಕ್ಸ್ ಪ್ರೊಫೆಸರ್ ಹುದ್ದೆ ಕೊಟ್ಟಾಗ, ಸಂಬಳ ಕಡಿಮೆ ಅಂತ ಗೊತ್ತಿದ್ದೂ ಹೋದರು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ. ಅಲ್ಲಿ ಫಿಸಿಕ್ಸ್ ವಿಭಾಗ ಶುರು ಮಾಡಿದ್ದೂ ಅವರೇ. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನ 1935ರಲ್ಲಿ ಕರೆಸಿದರು, ಆದ್ರೆ ಕಾಯಂ ಆಗಿ ಉಳಿಸಿಕೊಳ್ಳೋಕೆ ಆಗಲಿಲ್ಲ.

ತಪ್ಪು ಅವರದೂ ಇತ್ತು. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಕಮಲಾ ಸೊಹೊನಿ ಅವರಿಗೆ ಮೊದಲು ಪ್ರವೇಶ ಕೊಡಲಿಲ್ಲ. ಆಕೆ ಹಟ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು, ಆಕೆಯ ಕೆಲಸ ನೋಡಿ ಮನಸ್ಸು ಬದಲಿಸಿದರು. ಫಿಸಿಕ್ಸಿಗೇ ಎಲ್ಲ ಕೊಡ್ತಾರೆ ಅಂತ ಬೇರೆ ವಿಭಾಗದವರಿಗೆ ಸಿಟ್ಟು. ಎಲ್ಲರನ್ನೂ ಸಮಾಧಾನ ಮಾಡಿಕೊಂಡು ಹೋಗೋ ಸ್ವಭಾವವೂ ಅವರದ್ದಲ್ಲ. ಪರಿಶೀಲನಾ ಸಮಿತಿ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯ್ತು.

ಈ ಸಲ ಕುರ್ಚಿ ಬಿಟ್ಟದ್ದು ಇಷ್ಟಪಟ್ಟು ಅಲ್ಲ. ನೊಬೆಲ್ ಬಂದವರು, ಬೇರೆ ಕಡೆ ಹೋಗಬಹುದಿತ್ತು. ಹೋಗಲಿಲ್ಲ. ನಿನ್ನೆ ತಾವೇ ನಡೆಸಿದ ಸಂಸ್ಥೆಯಲ್ಲಿ, ಇನ್ನೊಬ್ಬರ ಕೈಕೆಳಗೆ, ಬರೀ ಪ್ರೊಫೆಸರ್ ಆಗಿ 1948ರವರೆಗೆ ಕೆಲಸ ಮಾಡಿದರು. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಆ ವಿಭಾಗಕ್ಕೆ ಬಂದದ್ದು ಈ ಸಮಯದಲ್ಲೇ. ಅದಕ್ಕೂ ಮೊದಲು, ಜಗಳದ ನಡುವೆಯೇ, ನಾಗೇಂದ್ರನಾಥ್ ಜೊತೆ ಶಬ್ದದ ಅಲೆ ಬೆಳಕನ್ನ ಹೇಗೆ ಚದುರಿಸ್ತದೆ ಅಂತ ಸಿದ್ಧಾಂತ ಬರೆದಿದ್ದರು. ಇವತ್ತು ಲೇಸರ್ ಕಿರಣವನ್ನ ಶಬ್ದದಿಂದ ತಿರುಗಿಸೋ ಸಾಧನಗಳನ್ನ ಓದುವಾಗ ರಾಮನ್-ನಾಥ್ ಹೆಸರು ಬಂದೇ ಬರ್ತದೆ.

ನಿವೃತ್ತಿ ಆದಮೇಲೆ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಅದೇ ಆವರಣದಲ್ಲಿ.

ನಾವು ಕ್ಲಬ್ಬಿನ ಒಂದು ಪೋಸ್ಟ್ ಹೋದ್ರೆ ಮರುದಿನದಿಂದ ಮೀಟಿಂಗಿಗೇ ಬರಲ್ಲ.