ಕಾಣದ ಬಿರುಕಿನ ಲೆಕ್ಕ ಇಟ್ಟವರು: ಎ. ಎ. ಗ್ರಿಫಿತ್

ಮೆಕ್ಯಾನಿಕಲ್ ಓದುವವರಿಗೆ ಗ್ರಿಫಿತ್ ಅಂದ್ರೆ ಪರೀಕ್ಷೆಗೆ ಬರುವ ಒಂದು ಸೂತ್ರ. ಜೆಟ್ ಎಂಜಿನ್‌ನ ಹುಟ್ಟಿನಲ್ಲೂ ಇದೇ ಮನುಷ್ಯನ ಕೈ ಇತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿರಲ್ಲ.

ಅಲನ್ ಆರ್ನಾಲ್ಡ್ ಗ್ರಿಫಿತ್ ಹುಟ್ಟಿದ್ದು 1893ರಲ್ಲಿ, ಲಂಡನ್ನಿನಲ್ಲಿ. ಲಿವರ್‌ಪೂಲ್‌ನಲ್ಲಿ ಎಂಜಿನಿಯರಿಂಗ್ ಓದಿ, 1915ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಸೇರಿದರು. ಅಲ್ಲಿ ಜಿ. ಐ. ಟೇಲರ್ ಜೊತೆ ಸೇರಿ, ತಿರುಚಿದ ಶಾಫ್ಟಿನೊಳಗಿನ ಸ್ಟ್ರೆಸ್ಸನ್ನು ಸೋಪಿನ ಪೊರೆಯಿಂದ ಅಳೆಯುವ ವಿಧಾನ ಕಂಡುಹಿಡಿದರು.

ಆಮೇಲೆ ಅವರನ್ನು ಕಾಡಿದ್ದು ಗಾಜು. ಅಣುಗಳ ಬಂಧದಿಂದ ಲೆಕ್ಕ ಹಾಕಿದರೆ ಗಾಜು ಭಾರೀ ಗಟ್ಟಿ ಇರಬೇಕು. ನಿಜದಲ್ಲಿ ಅದರ ಬಲ ಲೆಕ್ಕದ ಹತ್ತಿರಕ್ಕೂ ಬರಲ್ಲ. ಯಾಕೆ? ಗ್ರಿಫಿತ್ ಗಾಜು ಕಾಯಿಸಿ ಎಳೆ ಎಳೆದು ಪರೀಕ್ಷಿಸಿದರು. ಎಳೆ ತೆಳುವಾದಷ್ಟೂ ಗಾಜಿನ ಬಲ ಹೆಚ್ಚುತ್ತಾ ಹೋಯಿತು! ದಪ್ಪ ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಒಡೆಯುವುದು ಅಲ್ಲಿಂದಲೇ ಎಂದು ಅವರು ತೋರಿಸಿದರು. ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿ, ಹೊಸ ಮೇಲ್ಮೈ ಉಂಟಾಗಲು ಬೇಕಾದ ಶಕ್ತಿಯನ್ನು ಮೀರಿದರೆ ಬಿರುಕು ತಾನಾಗೇ ಓಡುತ್ತದೆ. ಈ ಪ್ರಬಂಧ 1921ರಲ್ಲಿ ಪ್ರಕಟವಾಯಿತು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಇರ್ವಿನ್ ಇದನ್ನು ಲೋಹಗಳಿಗೂ ಹೊಂದಿಸಿದರು.

1926ರಲ್ಲಿ ಗ್ರಿಫಿತ್ ಎಂಜಿನ್ನಿನ ಕಡೆ ತಿರುಗಿದರು. ಕಂಪ್ರೆಸರ್ ಬ್ಲೇಡುಗಳಿಗೆ ವಿಮಾನದ ರೆಕ್ಕೆಯ ಆಕಾರ ಕೊಡಬೇಕು ಎಂದು ವಾದಿಸಿದರು. ಆದರೆ ಯುವಕ ಫ್ರಾಂಕ್ ವಿಟ್ಲ್ ಜೆಟ್ ಎಂಜಿನ್ ಯೋಜನೆ ತಂದಾಗ, ಲೆಕ್ಕದಲ್ಲಿ ತಪ್ಪು ತೋರಿಸಿ ನಿರಾಸೆ ಮಾಡಿದವರೂ ಇವರೇ. 1939ರಲ್ಲಿ ರೋಲ್ಸ್-ರಾಯ್ಸ್ ಸೇರಿದರು. ಅವರ ಆಕ್ಸಿಯಲ್ ಕಂಪ್ರೆಸರ್ ಕೆಲಸವೇ ಮುಂದೆ ಏವನ್ ಎಂಜಿನ್ನಿಗೆ ದಾರಿಯಾಯಿತು. ನಮ್ಮ ವಾಯುಸೇನೆಯ ಹಂಟರ್, ಕ್ಯಾನ್‌ಬೆರಾ ವಿಮಾನಗಳು ಹಾರಿದ್ದೂ ಏವನ್ ಬಲದಿಂದಲೇ. 1960ರಲ್ಲಿ ನಿವೃತ್ತರಾದ ಗ್ರಿಫಿತ್ 1963ರಲ್ಲಿ ತೀರಿಕೊಂಡರು.

ಬಿರುಕು ಮತ್ತು ಎಂಜಿನ್, ಅವರ ಈ ಎರಡು ಕೆಲಸಗಳೂ ಇವತ್ತು ಒಂದೇ ಕಡೆ ಸೇರುವುದು ಎಂಜಿನ್ನಿನ ಡಿಸ್ಕಿನಲ್ಲಿ. ತಿರುಗುವ ಡಿಸ್ಕ್ ಒಡೆದರೆ ಅದರ ಚೂರುಗಳನ್ನು ಹೊರಕವಚ ತಡೆಯಲಾರದು. ಅದಕ್ಕೇ ಪ್ರತಿ ಡಿಸ್ಕಿಗೂ ಇಷ್ಟು ಸೈಕಲ್ ಎಂಬ ಆಯಸ್ಸು ನಿಗದಿ. ಒಂದು ಹಾರಾಟ ಅಂದ್ರೆ ಸಾಮಾನ್ಯವಾಗಿ ಒಂದು ಸೈಕಲ್. ಆಯಸ್ಸು ಮುಗಿದರೆ, ಡಿಸ್ಕ್ ಎಷ್ಟೇ ಹೊಸದರಂತೆ ಕಂಡರೂ ತೆಗೆದುಹಾಕಲೇಬೇಕು.

ಅಷ್ಟೇ ಸಾಲದು ಅಂತ ಗೊತ್ತಾಗಿದ್ದು 1989ರ ಜುಲೈ 19ರಂದು. ಅಮೆರಿಕದಲ್ಲಿ ಹಾರುತ್ತಿದ್ದ ಡಿಸಿ-10 ವಿಮಾನವೊಂದರ ಬಾಲದ ಎಂಜಿನ್ನಿನಲ್ಲಿ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆಯಿತು. ನಿಗದಿಯಾಗಿದ್ದು 18,000 ಸೈಕಲ್, ಒಡೆದಿದ್ದು 15,503ಕ್ಕೆ. ಲೋಹ ಕರಗಿಸುವಾಗಲೇ ಉಳಿದಿದ್ದ ಸಣ್ಣ ದೋಷದಿಂದ ಬಿರುಕು ಬೆಳೆದಿತ್ತು, ತಪಾಸಣೆಯಲ್ಲಿ ಕಣ್ತಪ್ಪಿತ್ತು. ಸೂ ಸಿಟಿಯಲ್ಲಿ ವಿಮಾನ ನೆಲಕ್ಕಪ್ಪಳಿಸಿ, 296 ಜನರಲ್ಲಿ 112 ಮಂದಿ ಸತ್ತರು.

ಆ ಆಯಸ್ಸಿನ ಲೆಕ್ಕ ಲೋಹ ನಿರ್ದೋಷ ಅಂತ ನಂಬಿಕೊಂಡಿತ್ತು. ಇವತ್ತಿನ ವಿನ್ಯಾಸದಲ್ಲಿ, ದೋಷ ಇದ್ದೇ ಇದೆ ಅಂದುಕೊಂಡು ಬಿರುಕು ಎಷ್ಟು ಸೈಕಲ್ಲಿಗೆ ಎಷ್ಟು ಬೆಳೆಯುತ್ತೆ ಎಂದೂ ಲೆಕ್ಕ ಹಾಕುತ್ತಾರೆ. ಗಾಜಿನ ಎಳೆ ಹಿಡಿದು ಗ್ರಿಫಿತ್ ಶುರು ಮಾಡಿದ್ದು ಇದೇ ಲೆಕ್ಕವನ್ನು.